ಅನುಮತಿ ಇಲ್ಲ ಎಂದರೆ, ಯಾರಿಗೆ ಇಲ್ಲ?

ಪೈಥಾನ್ ಕಲಿತು ತಮ್ಮ ಸಂಘದ, ಕಚೇರಿಯ, ಕಾಲೇಜಿನ ಕೆಲಸಕ್ಕೆ ತಾವೇ ಸ್ಕ್ರಿಪ್ಟ್ ಬರೆದುಕೊಳ್ಳುವ ಓದುಗರು ಹೆಚ್ಚುತ್ತಿರುವುದು ಈ ಅಂಕಣಕ್ಕೆ ಬರುವ ಪತ್ರಗಳಿಂದಲೇ ತಿಳಿಯುತ್ತದೆ. ಈ ಬಾರಿ ಆರಿಸಿಕೊಂಡ ಐದು ಪತ್ರಗಳಲ್ಲಿ ನಾಲ್ಕು ಒಂದೇ ತೊಡಕನ್ನು ಹೇಳುತ್ತವೆ: ಸ್ಕ್ರಿಪ್ಟ್ ಏನನ್ನೋ ಮಾಡಲು ಹೊರಟಿತು, ಸರ್ವರ್ ‘ನಿನಗೆ ಅಧಿಕಾರವಿಲ್ಲ’ ಎಂದು ತಡೆಯಿತು. ಐದನೆಯದು ಇದಕ್ಕೆ ತದ್ವಿರುದ್ಧವಾದುದು, ಮತ್ತು ಎಲ್ಲಕ್ಕಿಂತ ಗಂಭೀರವಾದುದು.

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ, ಸಂಜೆ ಸಂಗ್ರಹವಾದ ಹಾಲಿನ ಲೀಟರು ಮತ್ತು ಫ್ಯಾಟ್ ವಿವರಗಳನ್ನು ಒಟ್ಟುಮಾಡಿ ವರದಿ ತಯಾರಿಸುವ ಸ್ಕ್ರಿಪ್ಟನ್ನು ನಾನೇ ಬರೆದಿದ್ದೇನೆ. ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರಿನಲ್ಲಿ ಪ್ರತಿ ರಾತ್ರಿ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ಸಾಧನ) ಅದನ್ನು ನಡೆಸುತ್ತದೆ. ಮೊದಲ ದಿನ ‘ಸುಡೊ’ (ಬೇರೊಬ್ಬರ, ಸಾಮಾನ್ಯವಾಗಿ ಮೇಲ್ವಿಚಾರಕನ, ಅಧಿಕಾರದಲ್ಲಿ ನಡೆಸುವ ಆದೇಶ) ಹಾಕಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಆ ರಾತ್ರಿಯೇ ‘ಪರ್ಮಿಷನ್ ಎರರ್, ಎರ್‌ನೋ 13, ಪರ್ಮಿಷನ್ ಡಿನೈಡ್’ ಎಂದು ನಿಂತಿತು. ಸ್ಕ್ರಿಪ್ಟಿನ ಕೆಲಸದ ವಿವರ ದಾಖಲಾಗುವ ಲಾಗ್ ಕಡತದ ಒಡೆತನವನ್ನು ನನ್ನ ಹೆಸರಿಗೆ ಬದಲಿಸಿದೆ, ಸರಿಹೋಯಿತು. ಆದರೆ ವಾರಕ್ಕೊಮ್ಮೆ ಅದೇ ದೋಷ ಮರಳಿ ಬರುತ್ತಿದೆ. ಇಡೀ ಕೋಶಕ್ಕೆ (ಫೋಲ್ಡರಿಗೆ) 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟುಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಕೊಡಬಹುದೇ?
ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ಕೊಡಬೇಡಿ. ನಿಮ್ಮ ಪತ್ರದಲ್ಲಿಯೇ ಎರಡು ಬೇರೆಬೇರೆ ಕಾರಣಗಳು ಸ್ಪಷ್ಟವಾಗಿ ಕಾಣುತ್ತಿವೆ, ಮತ್ತು 777 ಆ ಎರಡಕ್ಕೂ ಮದ್ದಲ್ಲ.

ಮೊದಲ ರಾತ್ರಿಯ ದೋಷವನ್ನು ತೆಗೆದುಕೊಳ್ಳೋಣ. ‘ಸುಡೊ’ ಹಾಕಿ ಸ್ಕ್ರಿಪ್ಟ್ ನಡೆಸಿದಾಗ ಅದು ನಿಮ್ಮ ಹೆಸರಿನಲ್ಲಿ ನಡೆಯಲಿಲ್ಲ, ಸರ್ವರಿನ ಸರ್ವಾಧಿಕಾರಿ ಖಾತೆಯಾದ ರೂಟ್ ಹೆಸರಿನಲ್ಲಿ ನಡೆಯಿತು. ಲಾಗ್ ಕಡತ ಅಲ್ಲಿಯವರೆಗೆ ಇರಲಿಲ್ಲವಾದ್ದರಿಂದ ಪೈಥಾನ್ ಅದನ್ನು ಹೊಸದಾಗಿ ಸೃಷ್ಟಿಸಿತು, ಸೃಷ್ಟಿಸಿದವರೇ ಒಡೆಯರಾಗುವುದು ಲಿನಕ್ಸಿನ ನಿಯಮವಾದ್ದರಿಂದ ಆ ಕಡತ ರೂಟ್‌ನದಾಯಿತು. ಹೊಸ ಕಡತಕ್ಕೆ ಯಾವ ಅನುಮತಿ ಕೊಡಬಾರದೆಂದು ಹೇಳುವ ಉಮಾಸ್ಕ್ ಎಂಬುದರ ಸಾಮಾನ್ಯ ಬೆಲೆಯಾದ 022 ಜಾರಿಯಲ್ಲಿದ್ದರೆ ಹೊಸ ಕಡತಕ್ಕೆ 644 ಅನುಮತಿ ಸಿಗುತ್ತದೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂಬ ಲೆಕ್ಕದಲ್ಲಿ ಇದರ ಅರ್ಥ ಒಡೆಯ ಓದಬಹುದು, ಬರೆಯಬಹುದು. ಗುಂಪಿನವರು ಮತ್ತು ಉಳಿದವರು ಓದಬಹುದು ಅಷ್ಟೆ. ರಾತ್ರಿ ಕ್ರಾನ್ ಅದೇ ಸ್ಕ್ರಿಪ್ಟನ್ನು ನಿಮ್ಮ ಹೆಸರಿನಲ್ಲಿ ನಡೆಸಿದಾಗ ನೀವು ‘ಉಳಿದವರು’ ಆಗಿಬಿಟ್ಟಿರಿ. ಸ್ಕ್ರಿಪ್ಟನ್ನು ಪರೀಕ್ಷಿಸುವಾಗ ಅದು ಮುಂದೆ ಯಾರ ಹೆಸರಿನಲ್ಲಿ ನಡೆಯಲಿದೆಯೋ ಅವರ ಹೆಸರಿನಲ್ಲಿಯೇ ಪರೀಕ್ಷಿಸಬೇಕು. ‘ಸುಡೊ’ ಆದೇಶಕ್ಕೆ ‘ಯು’ ಆಯ್ಕೆಯನ್ನೂ ಆ ಬಳಕೆದಾರನ ಹೆಸರನ್ನೂ ಸೇರಿಸಿದರೆ ಇದು ಸಾಧ್ಯ.

ವಾರಕ್ಕೊಮ್ಮೆ ಎಂದು ಬರೆದಿರುವಿರಲ್ಲ, ಎರಡನೆಯ ಕಾರಣದ ಸುಳಿವು ಅದೇ. ಬಹುತೇಕ ಲಿನಕ್ಸ್ ಸರ್ವರ್‌ಗಳಲ್ಲಿ ಲಾಗ್‌ರೊಟೇಟ್ ಎಂಬ ಸಾಧನ ಲಾಗ್ ಕಡತಗಳು ಮಿತಿಮೀರಿ ಬೆಳೆಯದಂತೆ ಕಾಲಕಾಲಕ್ಕೆ ಹಳೆಯದರ ಹೆಸರು ಬದಲಿಸಿ ಹೊಸ ಖಾಲಿ ಕಡತವನ್ನು ಇಡುತ್ತದೆ. ಆ ಹೊಸ ಕಡತ ಯಾರದಾಗಬೇಕೆಂಬುದನ್ನು ಅದರ ಸಂರಚನೆಯಲ್ಲಿರುವ ‘ಕ್ರಿಯೇಟ್’ ಎಂಬ ಸಾಲು ನಿರ್ಧರಿಸುತ್ತದೆ. ಆ ಸಾಲಿನ ಮುಂದೆ ಯಾವ ಹೆಸರೂ ಇಲ್ಲದಿದ್ದರೆ ಹಳೆಯ ಕಡತದ ಒಡೆತನವೇ ಹೊಸದಕ್ಕೂ ಬರುತ್ತದೆ. ಆದರೆ ‘ಕ್ರಿಯೇಟ್ 0640 ರೂಟ್’ ಎಂಬಂತೆ ಬರೆದಿದ್ದರೆ, ನೀವು ಎಷ್ಟು ಸಲ ಒಡೆತನ ಬದಲಿಸಿದರೂ ಮುಂದಿನ ವಾರ ಹೊಸ ಕಡತ ರೂಟ್‌ನ ಹೆಸರಿನಲ್ಲಿಯೇ ಹುಟ್ಟುತ್ತದೆ. ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ದೋಷ ಬಂದ ದಿನ ಏನನ್ನೂ ಸರಿಪಡಿಸುವ ಮೊದಲು ‘ಎಲ್‌ಎಸ್’ ಆದೇಶವನ್ನು ‘ಎಲ್’ ಆಯ್ಕೆಯೊಂದಿಗೆ ನೀಡಿ ಕೋಶವನ್ನು ನೋಡಿ. ಕೊನೆಯಲ್ಲಿ 1 ಎಂಬ ಅಂಕಿಯಿರುವ ಹಳೆಯ ಕಡತ ನಿಮ್ಮ ಹೆಸರಿನಲ್ಲಿಯೂ, ಹೊಸ ಕಡತ ರೂಟ್ ಹೆಸರಿನಲ್ಲಿಯೂ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಪರಿಹಾರವಾಗಿ ಆ ‘ಕ್ರಿಯೇಟ್’ ಸಾಲಿನಲ್ಲಿ ಸ್ಕ್ರಿಪ್ಟನ್ನು ನಡೆಸುವ ಬಳಕೆದಾರನ ಹೆಸರನ್ನೂ ಗುಂಪನ್ನೂ ಬರೆಯಿರಿ. ಇಲ್ಲವೇ ಆ ಕಡತವನ್ನು ಲಾಗ್‌ರೊಟೇಟ್ ವ್ಯಾಪ್ತಿಯಿಂದ ತೆಗೆದು, ಪೈಥಾನಿನ ಲಾಗಿಂಗ್ ಮಾಡ್ಯೂಲಿನಲ್ಲಿಯೇ ಇರುವ ‘ರೊಟೇಟಿಂಗ್ ಫೈಲ್ ಹ್ಯಾಂಡ್ಲರ್’ ಬಳಸಿದರೆ, ಹೊಸ ಕಡತವನ್ನು ಸ್ಕ್ರಿಪ್ಟೇ ಸೃಷ್ಟಿಸುವುದರಿಂದ ಒಡೆತನದ ಪ್ರಶ್ನೆಯೇ ಏಳುವುದಿಲ್ಲ. ಹೀಗೆ ಮಾಡುವಾಗ ಆ ಕೋಶದಲ್ಲಿ ಕಡತ ಸೃಷ್ಟಿಸುವ ಅಧಿಕಾರ ಆ ಬಳಕೆದಾರನಿಗೆ ಇರಬೇಕು. ನನಗೆ ಹೆಚ್ಚು ಒಪ್ಪಿಗೆಯಾಗುವ ಕ್ರಮವೆಂದರೆ ಈ ಕೆಲಸಕ್ಕೆಂದೇ ಲಾಗಿನ್ ಆಗಲಾಗದ ಪ್ರತ್ಯೇಕ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಲಾಗ್ ಕೋಶ ಮತ್ತು ವರದಿ ಕೋಶವನ್ನು ಮಾತ್ರ 750 ಅನುಮತಿಯೊಂದಿಗೆ ಅವನ ಹೆಸರಿಗೆ ಮಾಡಿ, ಕ್ರಾನ್ ಅವನ ಹೆಸರಿನಲ್ಲಿ ನಡೆಯುವಂತೆ ಮಾಡುವುದು. ನಾಳೆ ನೀವು ಸಂಘದ ಕೆಲಸ ಬಿಟ್ಟು ನಿಮ್ಮ ಖಾತೆಯನ್ನು ಅಳಿಸಿದರೂ ವರದಿ ನಿಲ್ಲುವುದಿಲ್ಲ.

ಇನ್ನು 777. ಕೋಶಕ್ಕೆ ಬರೆಯುವ ಅನುಮತಿ ಎಂದರೆ ಅದರೊಳಗಿನ ಕಡತಗಳನ್ನು ಅಳಿಸುವ, ಅದೇ ಹೆಸರಿನಲ್ಲಿ ಬೇರೊಂದನ್ನು ಇಡುವ ಅನುಮತಿ. ಕಡತಕ್ಕೆ ಎಷ್ಟೇ ಬಿಗಿಯಾದ ಅನುಮತಿ ಇಟ್ಟಿದ್ದರೂ ಸ್ಟಿಕಿ ಬಿಟ್ (ಒಡೆಯರಲ್ಲದವರು ಕಡತ ಅಳಿಸದಂತೆ ತಡೆಯುವ ಗುರುತು) ಇಲ್ಲದ ಕೋಶದಲ್ಲಿ ಅದು ರಕ್ಷಣೆಯಾಗದು. ನಿಮ್ಮ ಸ್ಕ್ರಿಪ್ಟೂ ಅದೇ ಕೋಶದಲ್ಲಿದ್ದರೆ, ಆ ಸರ್ವರಿನಲ್ಲಿರುವ ಯಾವುದೇ ಖಾತೆ, ಯಾವುದೇ ದುರ್ಬಲ ವೆಬ್‌ಸೈಟ್ ಕೈವಶವಾದರೂ ಅದರ ಮೂಲಕ ಸ್ಕ್ರಿಪ್ಟನ್ನೇ ಬದಲಿಸಬಹುದು, ರಾತ್ರಿ ಕ್ರಾನ್ ಅದನ್ನು ನಿಮ್ಮ ಹೆಸರಿನಲ್ಲಿ ನಿಷ್ಠೆಯಿಂದ ನಡೆಸುತ್ತದೆ. ಇನ್ನೊಂದು ವಿಷಯವನ್ನು ನಿಮ್ಮ ಪರಿಚಿತರು ಬಹುಶಃ ಗಮನಿಸಿಲ್ಲ. ಎಲ್ಲರೂ ಬರೆಯಬಹುದಾದ ಕೋಶವನ್ನು ಕಂಡರೆ, ಯಾವ ಬಳಕೆದಾರನಾಗಿ ಕೆಲಸ ಮಾಡಬೇಕೆಂಬ ‘ಎಸ್‌ಯು’ ಸೂಚನೆ ಸಂರಚನೆಯಲ್ಲಿ ಇಲ್ಲದಿದ್ದಾಗ, ಲಾಗ್‌ರೊಟೇಟ್ ಅದನ್ನು ಅಸುರಕ್ಷಿತವೆಂದು ಬಿಟ್ಟು ಮುಂದೆ ಹೋಗುತ್ತದೆ. ಆಗ ವಾರದ ದೋಷ ಮಾಯವಾದಂತೆ ಕಾಣುತ್ತದೆ, ಒಳಗೆ ಲಾಗ್ ಮಾತ್ರ ಡಿಸ್ಕ್ ತುಂಬುವವರೆಗೆ ಬೆಳೆಯುತ್ತಾ ಹೋಗುತ್ತದೆ. ನೂರಾರು ಮನೆಗಳ ಹಾಲಿನ ಬಟವಾಡೆ ಈ ಲೆಕ್ಕದ ಮೇಲೆ ನಿಂತಿರುವಾಗ ಅಂಥ ಸಮಾಧಾನವನ್ನು ನೀವು ಒಪ್ಪಿಕೊಳ್ಳಬಾರದು.

ಸ್ಕ್ರಿಪ್ಟಿನ ಆರಂಭದಲ್ಲಿ ಒಂದು ಸಾಲು ಸೇರಿಸಿ, ಓಎಸ್ ಮಾಡ್ಯೂಲಿನ ‘ಗೆಟ್-ಇಯುಐಡಿ’ ಮತ್ತು ‘ಗೆಟ್-ಸಿಡಬ್ಲ್ಯುಡಿ’ ನೀಡುವ ಉತ್ತರಗಳನ್ನು ಮುದ್ರಿಸಿ, ಕ್ರಾನಿನ ಔಟ್‌ಪುಟ್ಟನ್ನು ಒಂದು ಕಡತಕ್ಕೆ ಹರಿಸಿ. ತಾನು ಯಾರು, ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಸ್ಕ್ರಿಪ್ಟೇ ಹೇಳಿದರೆ ಊಹೆ ಉಳಿಯುವುದಿಲ್ಲ. ಕೆಲವರು ‘ಪರ್ಮಿಷನ್ ಎರರ್’ ಬಂದರೆ ಸುಮ್ಮನೆ ಮುಂದೆ ಹೋಗುವಂತೆ ‘ಎಕ್ಸೆಪ್ಟ್’ ಬರೆದಿಡುತ್ತಾರೆ. ಹಾಗೆ ಮಾಡಿದರೆ ವರದಿ ಬರದ ದಿನವೂ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ.

ಪ್ರಶ್ನೆ: ಕಾಲೇಜು ಗ್ರಂಥಾಲಯದ ಪುಸ್ತಕಸೂಚಿಯನ್ನು ಪೈಥಾನಿನ ವೆಬ್ ಚೌಕಟ್ಟಾದ ಫ್ಲಾಸ್ಕ್ ಬಳಸಿ ರೂಪಿಸಿ ನನ್ನ ಹೋಮ್ ಕೋಶದಲ್ಲಿ ಇಟ್ಟಿದ್ದೆ. ಉಬುಂಟು ಲಿನಕ್ಸಿನ 20.04 ಆವೃತ್ತಿಯಲ್ಲಿ ಎರಡು ವರ್ಷ ತೊಂದರೆಯಿಲ್ಲದೆ ನಡೆಯಿತು. 22.04 ಇರುವ ಹೊಸ ಸರ್ವರಿಗೆ ಅದೇ ಕಡತಗಳನ್ನು, ಅದೇ ಅನುಮತಿಗಳೊಂದಿಗೆ ನಕಲು ಮಾಡಿದರೆ ಎರ್‌ನೋ 13 ಬರುತ್ತಿದೆ. ಕಡತಗಳ ಅನುಮತಿಯನ್ನು ನಾಲ್ಕು ಬಾರಿ ಪರಿಶೀಲಿಸಿದ್ದೇನೆ.
ಗ್ರಂಥಪಾಲಕರು, ಧಾರವಾಡ

ಉತ್ತರ: ಕಡತಗಳಲ್ಲಿ ತಪ್ಪಿಲ್ಲ, ಆದ್ದರಿಂದಲೇ ನಾಲ್ಕು ಬಾರಿ ನೋಡಿದರೂ ನಿಮಗೆ ಸಿಗಲಿಲ್ಲ. ತೊಟ್ಟಿಮನೆಯ ಒಳಕೋಣೆಯಲ್ಲಿರುವ ಪೆಟ್ಟಿಗೆಯ ಬೀಗದ ಕೈ ನಿಮ್ಮಲ್ಲಿದ್ದರೂ ಹೆಬ್ಬಾಗಿಲು ಮುಚ್ಚಿದ್ದರೆ ಪೆಟ್ಟಿಗೆಯವರೆಗೆ ಹೋಗಲಾಗದು. ಲಿನಕ್ಸಿನಲ್ಲಿ ಒಂದು ಕಡತವನ್ನು ತಲುಪಬೇಕಾದರೆ ದಾರಿಯಲ್ಲಿರುವ ಪ್ರತಿಯೊಂದು ಕೋಶದ ಮೇಲೂ ‘ಎಕ್ಸ್’ ಅನುಮತಿ ಇರಬೇಕು. ಕೋಶದ ಮಟ್ಟಿಗೆ ಆ ಅಕ್ಷರದ ಅರ್ಥ ದಾಟಿಹೋಗುವ ಅಧಿಕಾರ. ಉಬುಂಟು 21.04ರಿಂದ ಹೊಸದಾಗಿ ಸೃಷ್ಟಿಯಾಗುವ ಹೋಮ್ ಕೋಶಗಳಿಗೆ 755ರ ಬದಲು 750 ಅನುಮತಿ ಸಿಗುತ್ತದೆ. ನಿಮ್ಮ ತಾಣ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿರುತ್ತದೆ, ಆ ಬಳಕೆದಾರ ಈಗ ನಿಮ್ಮ ಹೋಮ್ ಕೋಶದ ಹೊಸ್ತಿಲು ದಾಟಲಾರ. ‘ನೇಮ್‌ಐ’ ಎಂಬ ಆದೇಶಕ್ಕೆ ‘ಎಲ್’ ಆಯ್ಕೆ ಮತ್ತು ಕಡತದ ಪೂರ್ಣ ವಿಳಾಸ ಕೊಟ್ಟು ನೋಡಿ, ಬೇರಿನಿಂದ ಕಡತದವರೆಗೆ ಪ್ರತಿ ಮೆಟ್ಟಿಲಿನ ಒಡೆಯನನ್ನೂ ಅನುಮತಿಯನ್ನೂ ಅದು ಒಂದರ ಕೆಳಗೆ ಒಂದರಂತೆ ತೋರಿಸುತ್ತದೆ. ಇಷ್ಟು ಉಪಯುಕ್ತವಾದ ಆದೇಶ ಇಷ್ಟು ಕಡಿಮೆ ಜನರಿಗೆ ತಿಳಿದಿರುವುದು ನನಗೆ ಸದಾ ಬೇಸರದ ಸಂಗತಿ.

ಹೋಮ್ ಕೋಶವನ್ನು ಮತ್ತೆ 755 ಮಾಡಿದರೆ ತಾಣ ನಡೆಯುತ್ತದೆ, ಆದರೆ ನಿಮ್ಮ ಖಾಸಗಿ ಕಡತಗಳ ಬಾಗಿಲನ್ನೂ ತೆರೆದಂತಾಗುತ್ತದೆ. ತಾಣವನ್ನು ‘ಎಸ್‌ಆರ್‌ವಿ’ ಅಥವಾ ‘ಆಪ್ಟ್’ ಕೋಶದೊಳಗೆ ಸ್ಥಳಾಂತರಿಸುವುದೇ ಸರಿ. ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟನ್ನು (ತಾಣಕ್ಕೆ ಬೇಕಾದ ಪ್ಯಾಕೇಜುಗಳಿರುವ ಪ್ರತ್ಯೇಕ ಕೋಶ) ಎತ್ತಿಕೊಂಡು ಹೋಗಬೇಡಿ, ಅದರೊಳಗೆ ಹಳೆಯ ವಿಳಾಸಗಳು ಬರೆದಿರುತ್ತವೆ. ಹೊಸ ಜಾಗದಲ್ಲಿ ಹೊಸದಾಗಿ ಸೃಷ್ಟಿಸಿ. ಯಾವುದಾದರೂ ಗುಂಪಿಗೆ ಬಳಕೆದಾರನನ್ನು ಸೇರಿಸಿದರೆ ಸೇವೆಯನ್ನು ಮರುಪ್ರಾರಂಭಿಸಿ, ಏಕೆಂದರೆ ಈಗಾಗಲೇ ನಡೆಯುತ್ತಿರುವ ಪ್ರಕ್ರಿಯೆಗೆ ಹೊಸ ಗುಂಪಿನ ಸದಸ್ಯತ್ವ ಬರುವುದಿಲ್ಲ.

ಪ್ರಶ್ನೆ: ಊರೂರಿನ ಮಳೆ ಅಳತೆಯನ್ನು ಸ್ವಯಂಸೇವಕರು ಮೊಬೈಲಿನಿಂದ ಕಳುಹಿಸಲು ಒಂದು ಸಣ್ಣ ಎಪಿಐ (ಪ್ರೋಗ್ರಾಮುಗಳು ಮಾಹಿತಿ ಕೊಟ್ಟು ಪಡೆಯುವ ದ್ವಾರ) ಬರೆದಿದ್ದೇನೆ. ಪ್ರತಿಯೊಬ್ಬರಿಗೂ ಗುರುತಿನ ಟೋಕನ್ ಕೊಟ್ಟಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ನಡೆಯುತ್ತದೆ. ಸರ್ವರಿನಲ್ಲಿ, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದೊಳಗೆ ಪೈಥಾನ್ ನಡೆಸುವ ಮಾಡ್-ಡಬ್ಲ್ಯುಎಸ್‌ಜಿಐ ಅಡಿಯಲ್ಲಿ ಇಟ್ಟ ಮೇಲೆ ಸರಿಯಾದ ಟೋಕನ್ ಕಳುಹಿಸಿದರೂ ಎಲ್ಲರಿಗೂ 401 ಬರುತ್ತಿದೆ. 401ಕ್ಕೂ 403ಕ್ಕೂ ಏನು ವ್ಯತ್ಯಾಸ ಎಂಬುದೂ ತಿಳಿಯುತ್ತಿಲ್ಲ.
ಓದುಗರೊಬ್ಬರು, ಶಿರಸಿ

ಉತ್ತರ: ವ್ಯತ್ಯಾಸವನ್ನು ಮೊದಲು ಹೇಳುತ್ತೇನೆ, ಅದು ತಿಳಿದರೆ ಅರ್ಧ ಹುಡುಕಾಟ ಮುಗಿಯುತ್ತದೆ. 401 ಎಂದರೆ ‘ನೀನು ಯಾರೆಂಬುದು ನನಗೆ ದೃಢವಾಗಿಲ್ಲ’. 403 ಎಂದರೆ ‘ನಿನ್ನ ಕೋರಿಕೆ ಅರ್ಥವಾಗಿದೆ, ಆದರೆ ಅದನ್ನು ಈಡೇರಿಸುವುದಿಲ್ಲ’. ಬೇರೆ ಟೋಕನ್ ತಂದರೆ ಮೊದಲನೆಯದು ಬಗೆಹರಿಯಬಹುದು. ಎರಡನೆಯದಕ್ಕೆ ಅದೇ ಟೋಕನನ್ನು ಎಷ್ಟು ಸಲ ತೋರಿಸಿದರೂ ಉಪಯೋಗವಿಲ್ಲ, ಅಧಿಕಾರವನ್ನೇ ಕೊಡಬೇಕು. ಎಚ್‌ಟಿಟಿಪಿ ನಿಯಮಗಳನ್ನು ವಿವರಿಸುವ 2022ರ ಆರ್‌ಎಫ್‌ಸಿ 9110 ಎಂಬ ಮಾನದಂಡ ಈ ಭೇದವನ್ನು ಸ್ಪಷ್ಟವಾಗಿ ಹೇಳುತ್ತದೆ. ಗೊಂದಲಕ್ಕೆ ಕಾರಣ 401ರ ಅಧಿಕೃತ ಹೆಸರು: ‘ಅನ್‌ಆಥರೈಸ್ಡ್’ ಎಂದು ಅದನ್ನು ಕರೆದರೂ ಅದು ಹೇಳುವುದು ಅಧಿಕಾರದ ವಿಷಯವನ್ನಲ್ಲ, ಗುರುತಿನ ವಿಷಯವನ್ನು.

ಹಾಗಾದರೆ ನಿಮ್ಮ ಸ್ಕ್ರಿಪ್ಟಿಗೆ ಗುರುತೇ ತಲುಪುತ್ತಿಲ್ಲ ಎಂದಾಯಿತು. ಲ್ಯಾಪ್‌ಟಾಪಿನಲ್ಲಿ ಮೊಬೈಲಿಗೂ ಸ್ಕ್ರಿಪ್ಟಿಗೂ ನಡುವೆ ಯಾರೂ ಇರಲಿಲ್ಲ. ಸರ್ವರಿನಲ್ಲಿ ಅಪಾಚೆ ನಡುವೆ ನಿಂತಿದೆ. ಮಾಡ್-ಡಬ್ಲ್ಯುಎಸ್‌ಜಿಐ ಸ್ವಭಾವತಃ ಕೋರಿಕೆಯೊಂದಿಗೆ ಟೋಕನ್ ಹೊತ್ತು ಬರುವ ‘ಆಥರೈಸೇಶನ್’ ಹೆಡರನ್ನು ಪೈಥಾನಿಗೆ ದಾಟಿಸುವುದಿಲ್ಲ. ಗುರುತು ಪರಿಶೀಲಿಸುವುದು ವೆಬ್ ಸರ್ವರಿನದೇ ಕೆಲಸ, ಗುಪ್ತಪದವನ್ನು ಒಳಗಿನ ಪ್ರೋಗ್ರಾಮಿಗೆ ತೋರಿಸಬೇಕಿಲ್ಲ ಎಂಬ ಎಚ್ಚರಿಕೆ ಅದರ ಹಿಂದಿದೆ. ಅಪಾಚೆ ಸಂರಚನೆಯಲ್ಲಿ ‘ಡಬ್ಲ್ಯುಎಸ್‌ಜಿಐ-ಪಾಸ್-ಆಥರೈಸೇಶನ್’ ಎಂಬ ನಿರ್ದೇಶನವನ್ನು, ನಡುವೆ ಗೆರೆಯಾಗಲಿ ಜಾಗವಾಗಲಿ ಇಲ್ಲದೆ ಒಂದೇ ಪದವಾಗಿ ಬರೆದು, ‘ಆನ್’ ಮಾಡಿ ಅಪಾಚೆಯನ್ನು ಮರುಪ್ರಾರಂಭಿಸಿ. ಹಳೆಯ ಸಿಜಿಐ ಕ್ರಮದಲ್ಲಿ ಸ್ಕ್ರಿಪ್ಟ್ ನಡೆಸುವ ಓದುಗರಿಗೆ ಇದೇ ಕೆಲಸಕ್ಕೆ ಅಪಾಚೆ 2.4.13ರಿಂದ ‘ಸಿಜಿಐ-ಪಾಸ್-ಆಥ್’ ಎಂಬುದಿದೆ. ಬದಲಾವಣೆಗೆ ಮೊದಲು ಮತ್ತು ನಂತರ, ಹೆಡರ್ ಬಂದಿದೆಯೋ ಇಲ್ಲವೋ ಎಂಬುದನ್ನಷ್ಟೇ ಲಾಗಿಗೆ ಬರೆಸಿ ನೋಡಿ. ಟೋಕನನ್ನು ಮಾತ್ರ ಎಂದಿಗೂ ಲಾಗಿನಲ್ಲಿ ಬರೆಸಬೇಡಿ.

ಹೆಡರ್ ಬಂದ ಮೇಲೂ 401 ಉಳಿದರೆ ಗಡಿಯಾರ ನೋಡಿ. ನಿಮ್ಮದು ಜೆಡಬ್ಲ್ಯುಟಿ ಮಾದರಿಯ ಟೋಕನ್ ಆಗಿದ್ದರೆ ಅದರೊಳಗೆ ಅವಧಿ ಮುಗಿಯುವ ಕ್ಷಣ ಬರೆದಿರುತ್ತದೆ, ಸರ್ವರಿನ ಸಮಯ ಕೆಲವು ನಿಮಿಷ ಮುಂದಿದ್ದರೂ ಇನ್ನೂ ಜೀವಂತವಿರುವ ಟೋಕನ್ ಅದಕ್ಕೆ ಸತ್ತಂತೆ ಕಾಣುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಆದೇಶ ಕೊಟ್ಟು ಸಮಯ ಹೊಂದಾಣಿಕೆ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಪೈ-ಜೆಡಬ್ಲ್ಯುಟಿಯಲ್ಲಿ ‘ಲೀವೇ’ ಎಂಬ ಹೆಸರಿನಲ್ಲಿ ಕೆಲವು ಸೆಕೆಂಡುಗಳ ರಿಯಾಯಿತಿ ಕೊಡಬಹುದು, ಆದರೆ ಅದನ್ನು ಗಂಟೆಗಳಿಗೆ ಏರಿಸಿ ಗಡಿಯಾರದ ತಪ್ಪನ್ನು ಮುಚ್ಚಬೇಡಿ.

ಪ್ರಶ್ನೆ: ಹೊಸ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್ ತಂತ್ರಾಂಶದ ಆವೃತ್ತಿ 16 ಹಾಕಿಕೊಂಡೆ. ಸ್ಕ್ರಿಪ್ಟ್ ಡೇಟಾಬೇಸಿಗೆ ಸಂಪರ್ಕ ಹೊಂದುತ್ತದೆ, ಆದರೆ ಟೇಬಲ್ ರಚಿಸುವಾಗ ‘ಪಬ್ಲಿಕ್’ ಸ್ಕೀಮಾಗೆ (ಟೇಬಲ್‌ಗಳನ್ನು ಇಡುವ ವಿಭಾಗಕ್ಕೆ) ಅನುಮತಿಯಿಲ್ಲ ಎನ್ನುತ್ತದೆ. ಹಳೆಯ 13ರಲ್ಲಿ ಹೀಗಿರಲಿಲ್ಲ.
ಓದುಗರೊಬ್ಬರು, ಪುಣೆ

ಉತ್ತರ: 2022ರಲ್ಲಿ ಬಂದ ಆವೃತ್ತಿ 15ರಿಂದ, ಹೊಸದಾಗಿ ಸೃಷ್ಟಿಸಿದ ಡೇಟಾಬೇಸಿನ ‘ಪಬ್ಲಿಕ್’ ಸ್ಕೀಮಾದಲ್ಲಿ ಯಾರು ಬೇಕಾದರೂ ಟೇಬಲ್ ರಚಿಸುವ ಹಳೆಯ ಸ್ವಾತಂತ್ರ್ಯವನ್ನು ತೆಗೆದುಹಾಕಲಾಗಿದೆ. ಆ ಅಧಿಕಾರ ಈಗ ಡೇಟಾಬೇಸಿನ ಒಡೆಯನಿಗೆ ಇದೆ. ಟೇಬಲ್ ರಚಿಸುವುದಕ್ಕೆ ಒಬ್ಬ ಬಳಕೆದಾರನನ್ನು ಒಡೆಯನನ್ನಾಗಿ ಮಾಡಿ, ದಿನನಿತ್ಯದ ಸ್ಕ್ರಿಪ್ಟಿಗೆ ಬೇರೊಬ್ಬನನ್ನು ಇಟ್ಟು ಅವನಿಗೆ ಓದುವ, ಸೇರಿಸುವ, ತಿದ್ದುವ ಅಧಿಕಾರವನ್ನಷ್ಟೇ ಕೊಡಿ. ಸೂಪರ್‌ಯೂಸರ್ ಹೆಸರಿನಲ್ಲಿ ಸ್ಕ್ರಿಪ್ಟ್ ನಡೆಸಿದರೆ ದೋಷ ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ.

ಪ್ರಶ್ನೆ: ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಆಂತರಿಕ ಅಂಕಗಳನ್ನು ವಿದ್ಯಾರ್ಥಿಗಳು ನೋಡಲು ಪೈಥಾನಿನ ವೆಬ್ ಚೌಕಟ್ಟಾದ ಜ್ಯಾಂಗೊ ಬಳಸಿ ಒಂದು ಪುಟ ಮಾಡಿದೆ. ಲಾಗಿನ್ ಕಡ್ಡಾಯವಾಗಿದೆ, ಯಾವ ದೋಷವೂ ಇಲ್ಲ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಬಂದು, ವಿಳಾಸದ ಕೊನೆಯಲ್ಲಿರುವ ಸಂಖ್ಯೆಯನ್ನು ಬದಲಿಸಿದರೆ ಬೇರೆಯವರ ಅಂಕಗಳು ಕಾಣುತ್ತವೆ ಎಂದು ತೋರಿಸಿದಳು. ಸಂಖ್ಯೆಯ ಬದಲು ಊಹಿಸಲಾಗದ ಉದ್ದನೆಯ ಸಂಕೇತ ಇಟ್ಟರೆ ಸಾಕೇ?
ಉಪನ್ಯಾಸಕರು, ತುಮಕೂರು

ಉತ್ತರ: ಮೊದಲು ಆ ವಿದ್ಯಾರ್ಥಿನಿಗೆ ಧನ್ಯವಾದ ಹೇಳಿ, ಆಕೆಯ ಮೇಲೆ ಯಾವ ಕ್ರಮವೂ ಆಗದಂತೆ ನೋಡಿಕೊಳ್ಳಿ. ಬರಬೇಕಾದ ಕಡೆ ಬಾರದಿರುವ ದೋಷವನ್ನು ಆಕೆ ಕಂಡುಹಿಡಿದಿದ್ದಾಳೆ. ಮೇಲಿನ ನಾಲ್ವರಿಗೂ ಸರ್ವರ್ ಕೈ ಅಡ್ಡ ಹಿಡಿಯಿತು, ಅವರು ಪತ್ರ ಬರೆದರು. ನಿಮ್ಮ ಸ್ಕ್ರಿಪ್ಟ್ ಯಾರನ್ನೂ ತಡೆಯಲಿಲ್ಲವಾದ್ದರಿಂದ ಇಷ್ಟು ದಿನ ಯಾರಿಗೂ ತಿಳಿಯಲಿಲ್ಲ. ವೆಬ್ ಸುರಕ್ಷತೆಗಾಗಿ ಕೆಲಸ ಮಾಡುವ ಒವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಮುರಿದ ಪ್ರವೇಶ ನಿಯಂತ್ರಣಕ್ಕೆ ಮೊದಲ ಸ್ಥಾನ ಕೊಟ್ಟಿದೆ. 2017ರ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು.

ಲಾಗಿನ್ ಕಡ್ಡಾಯ ಮಾಡಿದಾಗ ನೀವು ‘ಬಂದವರು ಯಾರು’ ಎಂದು ಕೇಳಿದಿರಿ. ‘ಈ ದಾಖಲೆ ಇವರದೇ’ ಎಂದು ಕೇಳಲಿಲ್ಲ. ಉದ್ದನೆಯ ಸಂಕೇತ ಈ ಎರಡನೆಯ ಪ್ರಶ್ನೆಯನ್ನು ಕೇಳುವುದಿಲ್ಲ, ಊಹಿಸುವುದನ್ನು ಕಷ್ಟಗೊಳಿಸುತ್ತದೆ ಅಷ್ಟೆ. ಒಬ್ಬರು ತಮ್ಮ ಪುಟದ ವಿಳಾಸವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿದರೆ ಲಾಗಿನ್ ಇರುವ ಎಲ್ಲರೂ ಅದನ್ನು ತೆರೆಯಬಹುದು. ಸರಿಯಾದ ಪರಿಹಾರ ದಾಖಲೆಯನ್ನು ಹುಡುಕುವ ಸಾಲಿನಲ್ಲಿಯೇ ಇದೆ. ಈಗ ನೀವು ಸಂಖ್ಯೆಯಿಂದ ಮಾತ್ರ ದಾಖಲೆಯನ್ನು ಹುಡುಕುತ್ತಿದ್ದೀರಿ. ಅದರ ಬದಲು ‘ಈ ಸಂಖ್ಯೆಯ, ಮತ್ತು ಲಾಗಿನ್ ಆಗಿರುವ ಈ ವಿದ್ಯಾರ್ಥಿಗೆ ಸೇರಿದ ದಾಖಲೆ’ ಎಂದು ಎರಡೂ ಷರತ್ತುಗಳನ್ನು ಒಟ್ಟಿಗೆ ‘ಗೆಟ್-ಆಬ್ಜೆಕ್ಟ್-ಆರ್-404’ಗೆ ಕೊಡಿ. ಬೇರೆಯವರ ಸಂಖ್ಯೆ ಹಾಕಿದವರಿಗೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ, ಬರುತ್ತದೆ. 403 ಕೊಡುವುದಕ್ಕಿಂತ ಇದು ಇಲ್ಲಿ ಮೇಲು, ಏಕೆಂದರೆ ಅಂಥ ದಾಖಲೆಯೊಂದು ಇದೆ ಎಂಬುದನ್ನೂ ಅದು ಬಿಟ್ಟುಕೊಡುವುದಿಲ್ಲ. ಉಪನ್ಯಾಸಕರು ತಮ್ಮ ತರಗತಿಯ ಅಂಕಗಳನ್ನು ನೋಡುವ ಪುಟಕ್ಕೆ ಬೇರೆ ಷರತ್ತು ಬೇಕು. ಒಂದೇ ಪುಟದಲ್ಲಿ ‘ಇವರು ಸಿಬ್ಬಂದಿಯಾದರೆ ಎಲ್ಲವನ್ನೂ ತೋರಿಸು’ ಎಂದು ಬರೆದುಬಿಟ್ಟರೆ ಒಂದು ರಂಧ್ರ ಮುಚ್ಚಿ ಇನ್ನೊಂದು ತೆರೆದಂತೆ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿಯೇ ಕಂಪ್ಯೂಟರ್ ರಕ್ಷಣೆಯ ತತ್ತ್ವಗಳನ್ನು ನಿರೂಪಿಸುವಾಗ, ಯಾರನ್ನು ತಡೆಯಬೇಕೆಂದು ಬರೆಯುವ ಬದಲು ಯಾರನ್ನು ಬಿಡಬೇಕೆಂದು ಬರೆಯಿರಿ, ಉಳಿದದ್ದೆಲ್ಲ ತಾನಾಗಿ ನಿಷೇಧವಾಗಿರಲಿ ಎಂದು ವಿವರಿಸಿದ್ದರು. ನಿಮ್ಮ ಪ್ರತಿಯೊಂದು ಪುಟವನ್ನೂ ಆ ಕಣ್ಣಿನಿಂದ ಮತ್ತೊಮ್ಮೆ ಓದಿ, ಅಂಕಪಟ್ಟಿ ಇಳಿಸಿಕೊಳ್ಳುವ ಪಿಡಿಎಫ್ ಕೊಂಡಿಯನ್ನು ಮರೆಯಬೇಡಿ. ಪುಟಕ್ಕೆ ಬೀಗ ಹಾಕಿ ಪಿಡಿಎಫ್ ಅನ್ನು ಬಯಲಿನಲ್ಲಿ ಬಿಟ್ಟಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ.

ತಿದ್ದಿದ ಮೇಲೆ ಪರೀಕ್ಷೆ ಬರೆಯಿರಿ: ಇಬ್ಬರು ಕಾಲ್ಪನಿಕ ವಿದ್ಯಾರ್ಥಿಗಳನ್ನು ಸೃಷ್ಟಿಸಿ, ಮೊದಲನೆಯವರಾಗಿ ಲಾಗಿನ್ ಆಗಿ, ಎರಡನೆಯವರ ಪುಟವನ್ನು ಕೇಳಿ, 404 ಬಂದರೆ ಮಾತ್ರ ಪರೀಕ್ಷೆ ಗೆಲ್ಲಲಿ. ಕೋಡ್ ಬದಲಾದಾಗಲೆಲ್ಲ ಅದು ನಡೆಯಲಿ. ನಂತರ ವೆಬ್ ಸರ್ವರಿನ ಆಕ್ಸೆಸ್ ಲಾಗ್ ತೆರೆದು, ಒಂದೇ ಐಪಿ ವಿಳಾಸದಿಂದ ಅನುಕ್ರಮವಾದ ಸಂಖ್ಯೆಗಳಿಗೆ ಕೋರಿಕೆ ಬಂದಿದೆಯೇ ಎಂದು ಹಿಂದಿನ ದಿನಗಳನ್ನೂ ನೋಡಿ. ಕಾಲೇಜಿನ ಜಾಲದಲ್ಲಿ ಹಲವರು ಒಂದೇ ಐಪಿಯ ಹಿಂದೆ ಇರಬಹುದಾದ್ದರಿಂದ ಅಷ್ಟರಿಂದಲೇ ಯಾರ ಮೇಲೂ ಆರೋಪ ಹೊರಿಸಬೇಡಿ. ಅಂಕಗಳನ್ನು ಬೇರೆಯವರು ನೋಡಿರುವುದು ಖಚಿತವಾದರೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ತಿಳಿಸಿ, ಯಾರ ಅಂಕಗಳು ಬಯಲಾದವೋ ಆ ವಿದ್ಯಾರ್ಥಿಗಳಿಗೂ ಹೇಳಿ. ಇದನ್ನೆಲ್ಲ ಮಾಡಿ ಮುಗಿಸುವವರೆಗೆ ಪುಟವನ್ನು ಇಂದೇ ಮುಚ್ಚಿಡಿ. ಅಂಕಪಟ್ಟಿಯನ್ನು ವಿಭಾಗದಲ್ಲಿ ಒಬ್ಬೊಬ್ಬರನ್ನೇ ಕರೆದು ತೋರಿಸಬಹುದು.